ಒಳಗಿನ ಕಂಪ್ಯೂಟರಿನ ಊರು

ತನ್ನ ಜಾತಕ ಬರೆದ ವಿಜಯಪುರದ ಅಯ್ಯನವರೇ ಯಾಕೆ ತಪ್ಪಿರಬಾರದು? ಅವರೂ ಮನುಷ್ಯರೇ ತಾನೆ. ಕಾಗದದ ಮೇಲೆ ಕೈಯಿಂದ ಮಾಡಿದ ಲೆಕ್ಕ, ಒಂದು ಮನೆ ಆಚೆ ಈಚೆ ಆಗಿರಬಹುದು. ಆದರೆ ಒಂದು ಮನೆ ತಪ್ಪುವುದು ಬೇರೆ, ಏಳು ಮನೆ ತಪ್ಪುವುದು ಬೇರೆ. ಹುಟ್ಟಿದಾಗಿನಿಂದ ಅವ್ವ ಸಿಂಹ ಲಗ್ನ ಎಂದು ಹೇಳಿಕೊಂಡು ಬಂದದ್ದನ್ನು ಈ ಪರದೆ ಮೀನ ಲಗ್ನ ಎನ್ನುತ್ತಿದೆ. ಎರಡರಲ್ಲಿ ಒಂದು ಸುಳ್ಳು. ಅಯ್ಯನವರದ್ದು ಸುಳ್ಳಾಗಿಬಿಟ್ಟರೆ ಎಷ್ಟು ಚೆನ್ನ!

ಚೇತನ ಕುರ್ಚಿಗೆ ಒರಗಿ ಪರದೆಯನ್ನು ಮತ್ತೊಮ್ಮೆ ಓದಿದ. ಹುಡುಗನ ಹೆಸರು ಕೇಳುವ ಜಾಗದಲ್ಲಿ ಅವನ ಹೆಸರಿತ್ತು. ಹುಡುಗಿಯ ಜಾಗದಲ್ಲಿ ನಮಿತಾ ಎಂದಿತ್ತು. ಇಬ್ಬರಿಗೂ ಕುಜ ದೋಷ. ಅವಳಿಗೆ ಎಂಟನೇ ಮನೆಯಲ್ಲಿ, ಅವನಿಗೆ ನಾಲ್ಕನೇ ಮನೆಯಲ್ಲಿ. ದೋಷಕ್ಕೆ ದೋಷವೇ ಪರಿಹಾರ. ಮೇಳ: ಉತ್ತಮ.

ವಿಲೆ ಪಾರ್ಲೆ ಸ್ಟೇಷನ್ನಿಗೆ ಹತ್ತಿರದ ಒಂದು ಉಡುಪಿ ಹೋಟೆಲಿನ ಮೇಲಿನ ಕೋಣೆ ಅದು. ಬಾಗಿಲ ಮೇಲೆ ಕನ್ನಡ ಸಂಘದ ವಧೂವರ ವಿಭಾಗ ಎಂಬ ಬೋರ್ಡು. ಭಾನುವಾರ ಸಂಜೆ ರಮಾನಾಥ ರಾಯರು ಬಂದು ಕೂರುತ್ತಾರೆ. ಗಂಡು ಹೆಣ್ಣು ಹುಡುಕುವವರು ಬಂದರೆ ಇಬ್ಬರ ಜನ್ಮ ವಿವರ ತುಂಬಿಸಿ, ಮೇಳ ನೋಡಿ, ಕಾಗದ ಕೊಟ್ಟು ಕಳಿಸುತ್ತಾರೆ. ಅವರು ಬರುವ ಮೊದಲು ಲ್ಯಾಪ್‌ಟಾಪ್ ಒಮ್ಮೆ ನೋಡಿಡುತ್ತೇನೆಂದು ಚೇತನ ಕೆಳಗೆ ಗಲ್ಲಾದಲ್ಲಿದ್ದ ಕೀಲಿ ಇಸಿದುಕೊಂಡು ಬಂದಿದ್ದ. ನೋಡುವುದಕ್ಕೆ ಏನೂ ಇರಲಿಲ್ಲ. ನಮಿತಾಳ ವಿವರ ಅದರಲ್ಲಿ ಹಾಗೆಯೇ ಉಳಿದಿದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೆ.

ನಮಿತಾ ರಾಯರ ಒಬ್ಬಳೇ ಮಗಳು. ಇಲ್ಲೇ ಪಾರ್ಲೆಯ ಕಾಲೇಜಿನಲ್ಲಿ ಇಬ್ಬರೂ ಒಂದೇ ಕ್ಲಾಸಿನಲ್ಲಿ ಓದಿದವರು. ಈಗ ಅವಳಿಗೆ ಅಂಧೇರಿಯಲ್ಲಿ ಕೆಲಸ. ಅವನು ಭಾಂಡುಪಿನಿಂದ ಬೆಳಿಗ್ಗೆ ಹೊರಟು ಹೋಟೆಲು, ಕ್ಲಿನಿಕ್ಕು, ಸಣ್ಣ ಆಫೀಸುಗಳ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ತಿರುಗುತ್ತಾನೆ. ಜಾತಿ ಬೇರೆ, ಸೀಮೆ ಬೇರೆ. ಅವರ ಕನ್ನಡ ಕರಾವಳಿಯದು, ಅವನದು ವಿಜಯಪುರದ್ದು. ಹೇಳದೆ ಉಳಿದದ್ದಕ್ಕೆ ಅದೇ ಕಾರಣ ಎಂದು ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಅದು ಕಾರಣವಲ್ಲ, ನೆಪ ಎಂಬುದೂ ಅವನಿಗೆ ಗೊತ್ತಿತ್ತು.

ಕಳೆದ ತಿಂಗಳು ಅವಳೇ ಫೋನ್ ಮಾಡಿದ್ದಳು. "ಏ ಭಾಂಡುಪ್, ಪಪ್ಪಾನ ಕಂಪ್ಯೂಟರ್ ಮರ್ ಗಯಾ. ಪಪ್ಪಾ ಸೂತಕ ಇರೋ ಹಾಗೆ ಕೂತಿದ್ದಾರೆ. ಆ ಜಾ ಯಾರ್."

ಅವನು ಬಂದು ನೋಡಿದ. ಹಳೆಯ ಕಂಪ್ಯೂಟರು ನಿಜಕ್ಕೂ ಸತ್ತಿತ್ತು, ಡಿಸ್ಕು ಸಮೇತ. ರಾಯರು ಹೊಸ ಲ್ಯಾಪ್‌ಟಾಪ್ ತಂದಿದ್ದರು. ಅದರಲ್ಲಿ ಅವರ ಅಣ್ಣ ಬರೆದ ಜಾತಕದ ಪ್ರೋಗ್ರಾಮು ತೆರೆಯಲೊಲ್ಲದು. ಅಣ್ಣ ಇಂಜಿನಿಯರು, ಪಂಚಾಂಗವನ್ನೂ ಚೆನ್ನಾಗಿ ಬಲ್ಲವರು. ವಿಂಡೋಸ್ ತೊಂಬತ್ತೆಂಟರ ಕಾಲದಲ್ಲಿ ರಜೆಯಲ್ಲೆಲ್ಲ ಕೂತು ಅದನ್ನು ಬರೆದಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ರಾಯರಿಗೆ ಸ್ವತಃ ಜ್ಯೋತಿಷ ಬಾರದು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬೇರೆ ಯಾವ ಸಾಫ್ಟ್‌ವೇರಿನ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. ಪ್ರೋಗ್ರಾಮಿನ ಸೀಡಿಯನ್ನು ಅವರು ದೇವರ ಗೂಡಿನಿಂದ ತೆಗೆದುಕೊಟ್ಟರು. ಅದರ ಮೇಲೆ ಅರಿಶಿನ ಕುಂಕುಮ ಹಚ್ಚಿತ್ತು. ಚೇತನ ಅಂಗಿಯ ತುದಿಯಿಂದ ಒರೆಸಬೇಕಾಯಿತು.

"ಎಂತ ಮಾರಾಯ," ಎಂದರು ರಾಯರು, "ಹೊಸತು ಅಂದ್ರೆ ಹಳೆಯವರನ್ನು ಮನೆಗೆ ಸೇರಿಸುದೇ ಇಲ್ವಾ?"

"ಸೇರಸ್ತೀನ್ರಿ ಅಂಕಲ್. ಇದರ ಒಳಗ ಇನ್ನೊಂದು ಕಂಪ್ಯೂಟರ್ ಮಾಡಿ ಸೇರಸ್ತೀನಿ."

"ಕಂಪ್ಯೂಟರಿನ ಒಳಗೆ ಕಂಪ್ಯೂಟರಾ?"

"ಖರೇ ಕಂಪ್ಯೂಟರ್ ಅಲ್ರಿ. ಕಂಪ್ಯೂಟರ್ ಹಂಗ ನಟನಿ ಮಾಡೋ ಒಂದು ಸಾಫ್ಟ್‌ವೇರು. ಅದರಾಗ ಹಳೇ ವಿಂಡೋಸ್ ಹಾಕಿದ್ರ ಅದು ಖರೇ ಮಷೀನ್ ಮ್ಯಾಲೇ ಅದೀನಿ ಅಂತ ತಿಳಕೊಂಡು ತನ್ನ ಕೆಲಸ ತಾ ಮಾಡ್ತದ."

"ಪಾಪ. ಅದಕ್ಕೆ ಯಾರೂ ಹೇಳುದಿಲ್ವಾ?"

"ಹೇಳಿದ್ರೂ ಅದಕ್ಕ ತಿಳಿಯಂಗಿಲ್ರಿ."

"ಎಷ್ಟು ಅದಕ್ಕೆ?"

"ಪುಕ್ಕಟೆ."

ರಾಯರು ಕನ್ನಡಕ ಮೇಲೆತ್ತಿ ಅವನನ್ನು ನೋಡಿದರು. "ಮುಂಬಯಿಯಲ್ಲಿ ಪುಕ್ಕಟೆ ಎಂತದು ಉಂಟು? ಆಮೇಲೆ ಸೊಸೈಟಿಯವರ ಹಾಗೆ ಮೇಂಟೆನೆನ್ಸ್ ಅಂತ ಬರುದಿಲ್ಲ ಅಲ್ವಾ?"

ನಮಿತಾ ನಕ್ಕಳು. "ಪಪ್ಪಾ, ಅದು ಓಪನ್ ಸೋರ್ಸ್. ಸೇಮ್ ಇವನ ಹಾಗೆ. ಎಲ್ಲರ ಕೆಲಸ ಮಾಡ್ತಾನೆ, ಯಾರ ಹತ್ರಾನೂ ಏನೂ ಕೇಳಲ್ಲ."

ಚೇತನನೂ ನಕ್ಕ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಥ ಒಳಗಿನ ಯಂತ್ರಗಳು ಹಲವು ಇದ್ದವು. ಒಂದರಲ್ಲಿ ಲಿನಕ್ಸ್, ಇನ್ನೊಂದರಲ್ಲಿ ಅದರದೇ ಬೇರೆ ಬಗೆ, ಮತ್ತೊಂದರಲ್ಲಿ ಯಾರೂ ಬಳಸದ ಯಾವುದೋ ಹಳೆಯ ವ್ಯವಸ್ಥೆ. ಭಾಂಡುಪಿನ ಒಂದೇ ಕೋಣೆಯ ಮನೆಯಲ್ಲಿ ಅಡುಗೆ ಕಟ್ಟೆಗೆ ಬೆನ್ನು ಕೊಟ್ಟು ಕೂತು ಅವನು ಒಂದೊಂದನ್ನೇ ತೆರೆದು ಒಳಹೊಕ್ಕು ಬರುತ್ತಿದ್ದ. ಒಂದಕ್ಕೆ ಇನ್ನೊಂದು ಇರುವುದೇ ಗೊತ್ತಿಲ್ಲ. ಪ್ರತಿಯೊಂದೂ ತಾನೊಂದೇ ಎಂದುಕೊಂಡಿದೆ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರ ಮಾತ್ರ ಬಿಸಿಯಾಗಿ ಉಸಿರು ಬಿಡುತ್ತದೆ. "ಅದರ ಮ್ಯಾಲೆ ರೊಟ್ಟಿ ಸುಡಬಹುದು ನೋಡು," ಎನ್ನುತ್ತಿದ್ದಳು ಅವ್ವ.

ಹಳೆಯ ವಿಂಡೋಸ್ ಹಾಕುವಾಗ ನಮಿತಾ ಪಕ್ಕದ ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದಳು. ಕೆಳಗಿನಿಂದ ತಂದ ಗೋಳಿಬಜೆಯನ್ನು ತಾನೊಂದು ತಿಂದು ಅವನಿಗೊಂದು ಕೊಡುತ್ತಿದ್ದಳು. ವಿಂಡೋಸ್ ಒಂದರ ಮೇಲೊಂದು ಪ್ರಶ್ನೆ ಕೇಳಿತು. ಭಾಷೆ, ಕೀಬೋರ್ಡು, ಗಂಟೆ, ಇನ್ನೇನೋ. ನೂರಾರು ಸಲ ಮಾಡಿದ ಕೆಲಸ. ಓದದೆ ನೆಕ್ಸ್ಟ್ ಒತ್ತುತ್ತ ಹೋದ. ಅವಳು ಅಷ್ಟು ಹತ್ತಿರ ಕೂತಿರುವಾಗ ಪರದೆ ಏನು ಕೇಳುತ್ತಿದೆ ಎನ್ನುವುದು ಅವನಿಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಎಲ್ಲ ಮುಗಿದ ಮೇಲೆ ಸ್ನಾಪ್‌ಶಾಟ್ ತೆಗೆದಿಟ್ಟ.

"ಅದೇನು?"

"ಈಗ ಹೆಂಗೈತಿ ಹಂಗ ಒಂದು ಫೋಟೋ ತಗದಿಟ್ಟಂಗ. ಮುಂದ ಏನರ ಕೆಟ್ರ ವಾಪಸ್ ಇಲ್ಲಿಗೇ ಬರಬಹುದು. ನಡುವ ಆಗಿದ್ದೆಲ್ಲಾ ಅಳಿಸಿ ಹೋಗ್ತದ."

"ವಾಹ್. ನನಗೂ ಒಂದು ಬೇಕು."

"ಎಲ್ಲಿಗೆ ಹೋಗಾಕಿ ನೀ?"

"ಸೆಕೆಂಡ್ ಇಯರ್," ಎಂದಳು ಅವಳು, ಯೋಚನೆಯನ್ನೇ ಮಾಡದೆ. "ಕ್ಯಾಂಟೀನ್. ಖಿಡ್ಕಿ ಪಕ್ಕದ ಟೇಬಲ್."

ಆ ಟೇಬಲ್ಲಿನಲ್ಲಿ ಕೂರುತ್ತಿದ್ದವರು ಅವರಿಬ್ಬರೇ. ಅಲ್ಲಿಗೇ ಯಾಕೆ ಎಂದು ಅವನು ಕೇಳಬಹುದಿತ್ತು. ಪ್ರಿಂಟರಿನ ವೈರು ಎಲ್ಲಿದೆ ಎಂದು ಕೇಳಿದ.

ಪ್ರೋಗ್ರಾಮು ತೆರೆದಾಗ ಮೊದಲು ಬಂದದ್ದು ರಾಯರ ಅಣ್ಣ ಬರೆದಿಟ್ಟ ಸಾಲು: ನಮಸ್ಕಾರ, ಕೂತುಕೊಳ್ಳಿ, ಅವಸರವಿಲ್ಲ. ರಾಯರು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. "ಅವ ಹೀಗೇ ಹೇಳ್ತಿದ್ದದ್ದು," ಎಂದರು. "ಮನೆಗೆ ಯಾರು ಬಂದ್ರೂ ಹೀಗೇ."

ಆಷಾಢ ಮಾಸ, ಜಾತಕ ಕೇಳಿ ಬರುವವರು ಹೆಚ್ಚಿಗೆ ಯಾರೂ ಇರಲಿಲ್ಲ. ಮೊದಲನೆಯದು ಮನೆಯವರದ್ದೇ ಆಗಲಿ ಎಂದು ರಾಯರು ನಮಿತಾಳ ವಿವರ ತುಂಬಿಸಿದರು. ನಾಸಿಕದಲ್ಲಿ ಲಾಡ್ಜಿಂಗ್ ಹೋಟೆಲ್ ಇಟ್ಟವರ ಮನೆಯಿಂದ ಶ್ರೀನಿಧಿ ಎಂಬ ಹುಡುಗನ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಎರಡು ಸಲ ಭೇಟಿಯಾಗಿದ್ದರು, ಮಾತು ಮುಂದಕ್ಕೆ ಹೋಗಿತ್ತು, ಶ್ರಾವಣದಲ್ಲಿ ನಿಶ್ಚಯ ಎಂದೂ ಆಗಿತ್ತು. ಜಾತಕ ಬರೀ ಶಾಸ್ತ್ರಕ್ಕೆ. ಒಳಗಿನ ಯಂತ್ರ ಪ್ರಿಂಟರನ್ನು ಹಿಡಿಯದ್ದರಿಂದ ಚೇತನ ಪರದೆಯ ಚಿತ್ರ ತೆಗೆದು ಹೊರಗಿನಿಂದ ಪ್ರಿಂಟ್ ಹಾಕಿಕೊಟ್ಟ. ಕಾಗದ ಕೈಗೆ ಬಂದ ಮೇಲೆ ರಾಯರು ಅದನ್ನು ಎರಡು ಸಲ ಓದಿ ಮೇಜಿನ ಮೇಲೆ ಮಗುಚಿಟ್ಟರು.

ಹುಡುಗಿಗೆ ಎಂಟನೇ ಮನೆಯಲ್ಲಿ ಕುಜ. ಗಂಡನ ಆಯುಸ್ಸಿಗೆ ಕುತ್ತು ಎನ್ನುತ್ತಾರೆ ಅದಕ್ಕೆ. ಹುಡುಗನಿಗೆ ಅಂಥದ್ದೇನೂ ಇಲ್ಲ.

"ನನ್ನ ಮಗಳ ಜಾತಕ ಹೀಗೆ ಇರ್ಲಿಲ್ಲ," ಎಂದು ಅತ್ತರು ನಮಿತಾಳ ತಾಯಿ ವಿನೋದಿನಿ. "ಇವಳು ಹುಟ್ಟಿದಾಗ ಭಾವ ಬರೆದುಕೊಟ್ಟದ್ದನ್ನು ನಾನೇ ನೋಡಿದ್ದೇನೆ."

"ನೀನು ನೋಡಿದ್ದು ಕುಂಕುಮ ಹಚ್ಚಿದ ಕವರು," ಎಂದರು ರಾಯರು. ಆ ಕವರೂ ಈಗ ಇರಲಿಲ್ಲ. ಎರಡು ಸಾವಿರದ ಐದನೇ ಇಸವಿ ಜುಲೈ ಇಪ್ಪತ್ತಾರರ ಆ ಮಹಾಮಳೆಯಲ್ಲಿ ಅವರ ನೆಲಮಹಡಿಯ ಮನೆಗೆ ಎದೆಮಟ್ಟ ನೀರು ನುಗ್ಗಿದಾಗ ಕಪಾಟಿನ ಕಾಗದಗಳೆಲ್ಲ ಹೋಗಿದ್ದವು. ನಕ್ಷತ್ರ ಮಾತ್ರ ಎಲ್ಲರಿಗೂ ನೆನಪಿತ್ತು, ಮತ್ತು ಯಂತ್ರ ಹೇಳಿದ್ದೂ ಅದೇ ನಕ್ಷತ್ರ. ಹಾಗಾಗಿ ಯಂತ್ರದ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ರಾಯರ ಸಂಶಯ ಹೋದದ್ದು ಬೇರೆ ಕಡೆ. "ಅಣ್ಣನಿಗೆ ಆಗಲೇ ಗೊತ್ತಿತ್ತು," ಎಂದರು ಅವರು. "ನಮಗೆ ಬೇಜಾರಾಗ್ತದೆ ಅಂತ ಮುಚ್ಚಿಟ್ಟ. ಅವ ನನ್ನಿಂದ ಒಂದು ಮಾತು ಮುಚ್ಚಿಟ್ಟವ ಅಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ ನಾನು."

ಆಮೇಲೊಂದು ದಿನ ಕೆಳಗಿನ ಹೋಟೆಲಿನಲ್ಲೇ ನಮಿತಾ ಸಿಕ್ಕಳು. ಕೂತವಳೇ ಹೇಳಿದಳು: "ಮೈಂ ಮಾಂಗ್ಲಿಕ್ ಹೂಂ, ಪತಾ ಹೈ? ಕುಜ ದೋಷದ ಹುಡುಗಿ. ನನ್ನ ಪಕ್ಕ ಕೂರ್ಬೇಡ. ಕಹೀಂ ಕುಛ್ ಹೋ ಗಯಾ ತೋ."

"ನೀ ಇವೆಲ್ಲಾ ನಂಬತಿಯೇನು?"

"ನಾನಲ್ಲ. ಶ್ರೀನಿಧೀನೂ ನಂಬಲ್ಲ. ಅವನ ಅಜ್ಜಿ ಊಟ ಬಿಟ್ಟು ಕೂತಿದ್ದಾರೆ. ಇಲ್ಲಿ ಪಪ್ಪಾ. ದೊಡ್ಡಪ್ಪನ ಮಾತು ಅಂದ್ರೆ ಪಪ್ಪಂಗೆ... ಅವರ ಮುಖ ನೋಡೋಕಾಗ್ತಿಲ್ಲ ಯಾರ್."

ಚೇತನ ಲೋಟವನ್ನು ಬಟ್ಟಲಿನಲ್ಲಿ ತಿರುಗಿಸಿದ. "ಆ ಹುಡುಗ ನಿಂಗ ಮನಸಿಗೆ ಬಂದಾನೇನು?"

"ಅವನು ಮನಸಲ್ಲಿ ಇದ್ದಿದ್ದು ಹೇಳ್ತಾನೆ, ಚೇತನ್. ಎರಡನೇ ಸಲ ಸಿಕ್ಕಾಗ ಡೈರೆಕ್ಟ್ ಹೇಳಿದ, ನಂಗೆ ನೀನು ಇಷ್ಟ, ನೀನು ಯೋಚನೆ ಮಾಡು ಅಂತ. ಹಾಗೆ ಯಾರಾದ್ರೂ ಹೇಳಿಬಿಟ್ರೆ ಕಿತ್ನಾ ಹಲ್ಕಾ ಲಗ್ತಾ ಹೈ, ಮನಸು ಎಷ್ಟು ಹಗುರ ಆಗುತ್ತೆ, ಗೊತ್ತಾ?" ಮತ್ತೆ ಅವನ ಮುಖವನ್ನೇ ನೋಡಿದಳು. "ನೀನೂ ಏನಾದ್ರೂ ಹೇಳು."

"ಏನ್ ಹೇಳ್ಲಿ?"

"ಕುಛ್ ಭೀ."

ಚೇತನ ವೇಟರನ್ನು ಕರೆದು ಇನ್ನೊಂದು ಕಾಫಿ ಹೇಳಿದ.

ಅವತ್ತು ದಾದರಿನಲ್ಲಿ ಗಾಡಿ ಬದಲಿಸಿ ಭಾಂಡುಪಿಗೆ ಹೋಗುವಾಗ ಗರ್ದಿಯಲ್ಲಿ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದ. ಮಳೆಯ ಹನಿ ಮುಖಕ್ಕೆ ಬೀಳುತ್ತಿತ್ತು. ತನಗೆ ಒಳಗೊಳಗೇ ಸಂತೋಷವಾಗಿದೆ ಎಂಬುದು ಅವನಿಗೆ ತಿಳಿಯಿತು. ಅವಳ ಸಂಬಂಧ ತಪ್ಪುತ್ತಿದೆ, ಅವಳ ಮನೆಯಲ್ಲಿ ಅಳುತ್ತಿದ್ದಾರೆ, ತನಗೆ ಸಂತೋಷ. ನಾಚಿಕೆಯೂ ಆಯಿತು. ಆದರೆ ನಾಚಿಕೆಯಿಂದ ಸಂತೋಷವೇನೂ ಕಡಿಮೆಯಾಗಲಿಲ್ಲ.

ಈಗ ಈ ಭಾನುವಾರ. ಸಂಜೆ ಐದಕ್ಕೆ ರಾಯರು ನಾಸಿಕಕ್ಕೆ ಫೋನ್ ಮಾಡಿ ಕೊನೆಯ ಮಾತು ಹೇಳುವುದೆಂದು ಆಗಿತ್ತು. ಅದಕ್ಕೆ ಮುಂಚೆ, ಯಾರೂ ಇಲ್ಲದಾಗ, ಒಮ್ಮೆ ತನ್ನದನ್ನು ಅವಳದರ ಪಕ್ಕದಲ್ಲಿಟ್ಟು ನೋಡಬೇಕೆಂದು ಅವನು ಬಂದದ್ದು. ಪರದೆ ಉತ್ತಮ ಎಂದಿತು. ಯಾರಿಗೂ ಬೇಡವಾದ ಜಾತಕಕ್ಕೆ ತನ್ನದೊಂದೇ ಸರಿಹೊಂದುವ ಜಾತಕ ಎಂದಿತು. ಆ ಸಿಂಹ ಲಗ್ನ ಒಂದು ಅಡ್ಡ ಬಾರದಿದ್ದರೆ!

ಅವನು ಮನೆಗೆ ಫೋನ್ ಮಾಡಿದ.

"ಅವ್ವ, ನನ್ನ ಲಗ್ನ ಯಾವ್ದು?"

"ಅದನ್ನ ನಾ ಕೇಳಬೇಕು," ಎಂದಳು ನಾಗವ್ವ. "ಯಾವಾಗ ಮಾಡ್ಕೋತಿ ಹೇಳು, ನಾಳೇನ ಹಂದರ ಹಾಕಸ್ತೀನಿ."

"ಆ ಲಗ್ನ ಅಲ್ಲವಾ. ಜಾತಕದಾಗಿಂದು."

"ಸಿಂಹ. ಅಯ್ಯನವರು ಕೆಂಪು ಶಾಯಿಯಾಗ ಬರದಾರ. ಲಗ್ನ ಸಿಂಹದ್ದು, ಆದ್ರ ಮಗಾ ಬಾಯಿ ತಗದ್ರ ಇಲಿ ಸೈತ ಹೊರಗ ಬರಂಗಿಲ್ಲ. ಯಾಕ, ಯಾರರ ಕೇಳ್ಯಾರೇನು?"

"ಕುಜ ದೋಷ ಐತೇನು ನನಗ?"

"ದೋಷನೂ ಇಲ್ಲ ಗೀಷನೂ ಇಲ್ಲ. ಯಾರಪ್ಪಾ ಹುಡುಗಿ? ಏ ಚೇತನ..."

ಅವನು ಫೋನಿಟ್ಟ. ನಂಬಿಕೆಯ ಮಾತು ಬೇಡ, ಯಂತ್ರದ ಲೆಕ್ಕವನ್ನೇ ನೋಡೋಣ ಎಂದುಕೊಂಡು, ಈಗಿನ ಹೊತ್ತನ್ನೇ ಜನ್ಮ ಸಮಯವೆಂದು ತುಂಬಿಸಿದ. ಕಿಟಕಿಯ ಹೊರಗೆ ಮಳೆ ಬಿಟ್ಟು ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಪ್ರೋಗ್ರಾಮು ಸೂರ್ಯನನ್ನು ನೆಲದ ಕೆಳಗಿನ ಮನೆಯಲ್ಲಿ ಕೂರಿಸಿತು. ಅದರ ಲೆಕ್ಕದಲ್ಲಿ ಇದು ರಾತ್ರಿ.

ಮೂಲೆಯಲ್ಲಿದ್ದ ಗಡಿಯಾರ ನೋಡಿದ. ಸರಿಯಾಗಿಯೇ ಇತ್ತು. ಹೊರಗಿನ ಲ್ಯಾಪ್‌ಟಾಪಿನ ಗಂಟೆಯನ್ನೇ ಒಳಗಿನದೂ ತೋರಿಸುತ್ತಿತ್ತು. ಆದ್ದರಿಂದಲೇ ಯಾರ ಕಣ್ಣಿಗೂ ಏನೂ ಬಿದ್ದಿರಲಿಲ್ಲ. ಗಡಿಯಾರದ ಮೇಲೆ ಎರಡು ಸಲ ಒತ್ತಿದ. ಪ್ರಪಂಚದ ಒಂದು ಪುಟ್ಟ ನಕ್ಷೆ ತೆರೆದುಕೊಂಡಿತು. ನಕ್ಷೆಯ ಎಡಗಡೆ, ಅಮೆರಿಕದ ಪಶ್ಚಿಮದ ದಡ. ಒಳಗಿನ ಕಂಪ್ಯೂಟರು ತಾನು ಅಲ್ಲಿರುವುದಾಗಿ ತಿಳಿದಿತ್ತು. ಅಂದು ಅದು ಯಾವ ಊರು ಎಂದು ಕೇಳಿದ್ದಾಗ ಅವನು ಓದದೆ ನೆಕ್ಸ್ಟ್ ಒತ್ತಿದ್ದ. ರಾಯರ ಅಣ್ಣ ಮುಂಬಯಿಯಲ್ಲಿ ಕೂತು ಮುಂಬಯಿಯವರಿಗೆಂದೇ ಬರೆದ ಪ್ರೋಗ್ರಾಮು. ಹೇಳಿದ ಗಂಟೆ ಯಾವ ದೇಶದ್ದೆಂದು ಅದು ಯಾರನ್ನೂ ಕೇಳುವುದಿಲ್ಲ, ವಿಂಡೋಸ್ ಹೇಳಿದ್ದನ್ನೇ ನಂಬುತ್ತದೆ. ಗಂಟೆ ಸರಿ, ಊರು ಬೇರೆ. ಚಂದ್ರ ನಿಧಾನದವನು, ಎರಡು ಊರುಗಳ ನಡುವಿನ ಹದಿಮೂರೂವರೆ ಗಂಟೆಯಲ್ಲಿ ಒಂದೇ ನಕ್ಷತ್ರದೊಳಗೆ ಉಳಿದಿದ್ದ. ಲಗ್ನ ಮಾತ್ರ ಏಳು ಮನೆ ದಾಟಿ ಹೋಗಿತ್ತು.

ಪಟ್ಟಿಯಲ್ಲಿ ಕೆಳಗಿಳಿದ. ಆ ಹಳೆಯ ವಿಂಡೋಸಿನಲ್ಲಿ ಊರಿಗೆ ಇನ್ನೂ ಬಾಂಬೆ ಎಂದೇ ಹೆಸರು. ಬಾಂಬೆ, ಕಲ್ಕತ್ತಾ, ಮದ್ರಾಸ್, ನ್ಯೂ ಡೆಲ್ಲಿ. ಅದನ್ನು ಆರಿಸಿ, ಪ್ರೋಗ್ರಾಮನ್ನು ಮತ್ತೆ ತೆರೆದು, ಎರಡೂ ಹೆಸರನ್ನು ಮತ್ತೆ ತುಂಬಿಸಿದ.

ಅವನದು ಸಿಂಹ ಲಗ್ನ. ದೋಷವಿಲ್ಲ. ಅವಳದು ಕರ್ಕಾಟಕ ಲಗ್ನ, ಕುಜ ಮೂರನೇ ಮನೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಕೂತಿ­ದ್ದ. ಮೇಳ: ಉತ್ತಮ.

ಉತ್ತಮವೇನೋ ಹೌದು, ಆದರೆ ಇದು ಮೊದಲಿನ ಉತ್ತಮ ಅಲ್ಲ. ಆ ದೂರದ ದಡದಲ್ಲಿ ಅವಳಿಗೆ ಅವನೊಬ್ಬನೇ ಇದ್ದ. ಬಾಂಬೆಯಲ್ಲಿ ಅವಳು ಯಾರಿಗೆ ಬೇಕಾದರೂ ಉತ್ತಮ.

ಪರದೆಯ ಮೇಲಿನ ಪಟ್ಟಿಯಲ್ಲಿ ಅಂದಿನ ಸ್ನಾಪ್‌ಶಾಟಿನ ಗುಂಡಿ ಇತ್ತು. ಒಂದು ಸಲ ಒತ್ತಿದರೆ ಯಂತ್ರ ಆ ಗೋಳಿಬಜೆಯ ದಿನಕ್ಕೆ ಮರಳುತ್ತದೆ. ಬಾಂಬೆ ಅಳಿಸಿಹೋಗುತ್ತದೆ. ಅವನು ನೋಡಿದ್ದನ್ನು ಯಾರೂ ನೋಡಿಲ್ಲ. ಐದಕ್ಕೆ ರಾಯರು ನಾಸಿಕಕ್ಕೆ ಬೇಡ ಎನ್ನುತ್ತಾರೆ. ಇನ್ನೊಂದು ವರ್ಷ, ಇನ್ನೆರಡು ಸಂಬಂಧ, ಅದೇ ಎಂಟನೇ ಮನೆ. ಆಗ ಒಂದು ದಿನ, ನಂಗೂ ದೋಷ ಐತ್ರಿ ಅಂಕಲ್, ಎಂದು ಹೇಳಬಹುದು. ಅದಕ್ಕೆ ಧೈರ್ಯವೂ ಬೇಡ. ಈಗ ಮಾಡಬೇಕಾದದ್ದು ಸುಮ್ಮನಿರುವುದು, ಅಷ್ಟೇ. ಅವನಿಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ ಆಗಿತ್ತು.

ಬಾಣದ ಗುರುತು ಅಲ್ಲೇ ನಿಂತಿತ್ತು. ಕೆಳಗೆ ವಿರಾರ್ ಫಾಸ್ಟ್ ಹಾದುಹೋಗಿ ಕಿಟಕಿಯ ಗಾಜು ನಡುಗಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು. ಚೇತನ ಎರಡು ಹೆಸರನ್ನೂ ಅಳಿಸಿ ಎದ್ದು ನಿಂತ. ಬೇರೆ ಏನನ್ನೂ ಒತ್ತಲಿಲ್ಲ.

ರಾಯರು ಕೊಡೆ ಮೂಲೆಗಿಟ್ಟು ಕೂತರು. ಹಿಂದೆಯೇ ನಮಿತಾ ಬಂದಳು. "ಭಾನುವಾರಾನೂ ಬಿಟ್ಟಿಲ್ವಾ ನಿನ್ನನ್ನ ಈ ಡಬ್ಬಾ?" ಎಂದಳು. ಅವಳ ಕಣ್ಣು ಊದಿತ್ತು.

"ಹೇಳಿಬಿಡುವ," ಎಂದರು ರಾಯರು ಯಾರಿಗೂ ಅಲ್ಲದಂತೆ. "ಐದು ಆಗುವವರೆಗೆ ಕಾದು ಎಂತ ಮಾಡುದು? ಅಣ್ಣ ಹೇಳದೇ ಹೋದದ್ದನ್ನು ನಾನು ಹೇಳ್ಬೇಕು." ಫೋನ್ ತೆಗೆದು, ನಂಬರು ಹುಡುಕಿ, ಕಿವಿಗೆ ಹಿಡಿದರು. ಆ ಕಡೆ ಗಂಟೆ ಬಾರಿಸುವುದು ಕೋಣೆಗೆಲ್ಲ ಕೇಳುತ್ತಿತ್ತು. ಬೋಳು ತಲೆ, ಬಗ್ಗಿದ ಬೆನ್ನು. ಅಣ್ಣ ತನ್ನಿಂದ ಮುಚ್ಚಿಟ್ಟ ಎಂಬ ಒಂದು ಮಾತು ಅವರನ್ನು ಇಷ್ಟೇ ದಿನಗಳಲ್ಲಿ ಹಣ್ಣು ಮಾಡಿತ್ತು.

"ಅಂಕಲ್, ಫೋನ್ ಇಡ್ರಿ," ಎಂದ ಚೇತನ.

ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ಇಬ್ಬರೂ ಕೇಳಿರಲಿಲ್ಲ. ರಾಯರು ಗಾಬರಿಯಿಂದ ಕಟ್ ಮಾಡಿದರು.

ಅವನು ನಕ್ಷೆ ತೋರಿಸಿ ಹೇಳಿದ. ಊರು ತಪ್ಪಿದ್ದು, ಗಂಟೆ ಸರಿ ಇದ್ದದ್ದು, ತಾನು ಓದದೆ ಒತ್ತಿದ್ದು. ನಮಿತಾಳ ವಿವರ ಮತ್ತೆ ತುಂಬಿಸಿ, ಹುಡುಗನ ಜಾಗದಲ್ಲಿ ಸುಮ್ಮನೆ ಯಾವುದೋ ಹೆಸರು ಹಾಕಿ ತೋರಿಸಿದ. ರಾಯರು ಬೈಯುತ್ತಾರೆಂದು ಕಾದ. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು.

"ಅಂದ್ರೆ ತಪ್ಪಿದ್ದು ಅಣ್ಣ ಅಲ್ಲ."

"ಅಲ್ರಿ. ನಾನು."

"ಅವ ಮುಚ್ಚಿಟ್ಟದ್ದೂ ಅಲ್ಲ."

"ಮುಚ್ಚಿಡಾಕ ಏನೂ ಇದ್ದಿದ್ದೇ ಇಲ್ರಿ ಅಂಕಲ್."

ರಾಯರು ಅವನ ಬೆನ್ನಿಗೆ ಒಂದು ಗುದ್ದಿದರು, ಸಣ್ಣ ಹುಡುಗರು ಗುದ್ದುವ ಹಾಗೆ. "ಕತ್ತೆ! ನನ್ನ ಅಣ್ಣನನ್ನು ಅಮೆರಿಕಾಕ್ಕೆ ಕಳಿಸಿದ್ಯಲ್ಲ ಮಾರಾಯ, ಪಾಸ್‌ಪೋರ್ಟೇ ಮಾಡಿಸದವ ಅವ!" ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ಈ ಯಂತ್ರದಲ್ಲಿ ಕಾಗದ ಕೊಟ್ಟಿದ್ದ ಉಳಿದವರಿಗೂ ಇವತ್ತೇ ಹೇಳಬೇಕು, ಆದರೆ ಮೊದಲು ನಾಸಿಕ, ಎನ್ನುತ್ತ ಫೋನ್ ಹಿಡಿದುಕೊಂಡು ಸಿಗ್ನಲ್ ಚೆನ್ನಾಗಿರುವ ಗ್ಯಾಲರಿಗೆ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ನಮಿತಾ ಸ್ಟೂಲಿನ ಮೇಲೆ ಕೂತಳು, ಈ ಸಲ ಕಾಲು ಕೆಳಗಿಟ್ಟು.

"ಥ್ಯಾಂಕ್ಸ್," ಎಂದಳು.

"ತಪ್ಪು ನಂದ ಅಲಾ. ಥ್ಯಾಂಕ್ಸ್ ಯಾಕ?"

"ಗೊತ್ತಾಗಿದ್ದು ಹೇಗೆ ನಿಂಗೆ?"

"ನಂದು ಹಾಕಿ ನೋಡಿದೆ. ಲಗ್ನ ಕೂಡಲಿಲ್ಲ. ಅವ್ವಗ ಫೋನ್ ಮಾಡಿ ಕೇಳಿದೆ."

ಅವಳು ತಲೆಯಾಡಿಸಿದಳು. ಆಮೇಲೆ ಪರದೆಯ ಕಡೆ ನೋಡಿ, ಮತ್ತೆ ಅವನ ಕಡೆ ನೋಡಿದಳು.

"ದೊಡ್ಡಪ್ಪನ ಪ್ರೋಗ್ರಾಮ್ ಒಬ್ಬರದ್ದೇ ತಗೊಳ್ಳೋದಿಲ್ಲ, ಚೇತನ್. ಚಿಕ್ಕವಳಿದ್ದಾಗ ನನ್ನ ಹೆಸರು ಹಾಕಿ ಆಡ್ತಿದ್ದೆ, ಹುಡುಗನ ಹೆಸರು ಹಾಕೋವರೆಗೂ ಮುಂದೆ ಹೋಗ್ತಾನೇ ಇರ್ಲಿಲ್ಲ." ಅವಳ ದನಿ ತಗ್ಗಿತು. "ಹುಡುಗಿ ಅಂತ ಯಾರನ್ನ ಹಾಕಿದೆ?"

ಗ್ಯಾಲರಿಯಲ್ಲಿ ರಾಯರು ಜೋರಾಗಿ ಮಾತಾಡುತ್ತಿದ್ದರು. ಕೆಳಗಿನ ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವಳು ಕಾದಳು. ಕಾಫಿ ಹೇಳಲು ಅಲ್ಲಿ ವೇಟರ್ ಇರಲಿಲ್ಲ. ಪ್ರಿಂಟರಿನ ವೈರು ಕಣ್ಣೆದುರಿಗೇ ಇತ್ತು. ಕೇಳುವುದಕ್ಕೆ, ತಪ್ಪಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಅವನ ಬಾಯಿ ತೆರೆದುಕೊಂಡಿತ್ತು ಕೂಡ. ಆದರೆ ಗ್ಯಾಲರಿಯಿಂದ ಬರುತ್ತಿದ್ದ ಆ ನಗು, ಇಷ್ಟು ದಿನ ಆ ಮನೆಯಿಂದ ಕಾಣೆಯಾಗಿದ್ದ ನಗು, ಅವನಿಗೆ ಕೇಳಿಸುತ್ತಿತ್ತು. ಮನಸ್ಸಿನಲ್ಲಿದ್ದುದನ್ನು ಎರಡನೇ ಭೇಟಿಯಲ್ಲೇ ಹೇಳಿಬಿಟ್ಟ ಒಬ್ಬ ನಾಸಿಕದಲ್ಲಿದ್ದಾನೆ ಎಂಬುದೂ ನೆನಪಾಯಿತು. ತನಗೆ ಎಷ್ಟು ಭೇಟಿ, ಎಷ್ಟು ವರ್ಷ ಸಿಕ್ಕಿದ್ದವು!

"ಯಾವ್ದೋ ಒಂದು ಹೆಸರು ಬೇಕಿತ್ತಲಾ," ಎಂದ. "ಬಾಯಿಗೆ ಬಂದಿದ್ದು ಹಾಕಿದೆ."

"ಬಾಯಿಗೆ ಬಂದಿದ್ದು?"

"ಹೂಂ."

ಅವನು ಮೌಸಿನ ಕೆಳಗಿದ್ದ ರಟ್ಟನ್ನು ಸರಿಪಡಿಸುತ್ತಿದ್ದ. ಕೊನೆಗೆ ಅವಳು ಹುಡುಗನ ಜಾಗದಲ್ಲಿದ್ದುದನ್ನು ಅಳಿಸಿ ಶ್ರೀನಿಧಿ ಎಂದು ಬರೆದಳು, ಒಂದೊಂದೇ ಅಕ್ಷರ ಹುಡುಕುತ್ತ. ಕನ್ನಡ ಕೀಬೋರ್ಡು ಅವಳಿಗೆ ಸರಿಯಾಗಿ ಬರುತ್ತಿರಲಿಲ್ಲ. ಧಿ ಎಲ್ಲಿದೆ ಎಂದು ಕೇಳಿದಾಗ ಅವನು ತೋರಿಸಿಕೊಟ್ಟ.

"ಅಜ್ಜಿ ಊಟಕ್ಕೆ ಕೂತ್ರಂತೆ!" ಎಂದು ಕೂಗುತ್ತ ರಾಯರು ಒಳಗೆ ಬಂದರು. "ಪ್ರಿಂಟ್ ಹಾಕು ಮಾರಾಯ, ಎರಡು ಹಾಕು."

ಶ್ರಾವಣದಲ್ಲಿ ನಿಶ್ಚಯವಾಯಿತು, ಚಳಿಗಾಲದಲ್ಲಿ ನಾಸಿಕದಲ್ಲಿ ಮದುವೆ. ಚೇತನ ಅವ್ವನನ್ನೂ ಕರೆದುಕೊಂಡು ಹೋಗಿದ್ದ. ಊಟದ ಪಂಕ್ತಿಯಲ್ಲಿ ನಾಗವ್ವ ಮದುಮಗಳನ್ನು ನೋಡಿ, ಮಗನನ್ನು ನೋಡಿ, ಏನನ್ನೂ ಕೇಳದೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು. ನಮಿತಾ ಈಗಲೂ ತವರಿಗೆ ಬಂದರೆ ಫೋನ್ ಮಾಡುತ್ತಾಳೆ. ಒಮ್ಮೆ ರಾಯರ ಲ್ಯಾಪ್‌ಟಾಪ್ ಬದಲಿಸಿದಾಗ ಒಳಗಿನ ಕಂಪ್ಯೂಟರನ್ನು ಹೊಸದಕ್ಕೆ ಸಾಗಿಸುವ ದಿನ ಅವಳೂ ಅಲ್ಲೇ ಇದ್ದಳು, ಪಕ್ಕದಲ್ಲೇ ಕೂತಿದ್ದಳು, ಇಬ್ಬರೂ ಬಹಳ ಮಾತಾಡಿದರು.

ಆ ಭಾನುವಾರ ಹುಡುಗಿಯ ಜಾಗದಲ್ಲಿ ತಾನು ಹಾಕಿದ್ದ ಹೆಸರು ಅವಳದೇ ಎಂದು ಚೇತನ ನಮಿತಾಳಿಗೆ ಯಾವತ್ತೂ ಹೇಳಲಿಲ್ಲ.